ಊರಿಗೆಲ್ಲ ಒಂದೇ ಬೀಗದ ಕೈ

2016ನೆಯ ಇಸವಿಯ ಅಕ್ಟೋಬರ್ ತಿಂಗಳ 21ನೆಯ ದಿನ, ಶುಕ್ರವಾರ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವತೀರದ ಜನರು ಬೆಳಗ್ಗೆ ತಮ್ಮ ಗಣಕಯಂತ್ರಗಳ ಮುಂದೆ ಕುಳಿತಾಗ ವಿಚಿತ್ರವಾದ ಅನುಭವವೊಂದು ಅವರಿಗಾಗಿ ಕಾದಿತ್ತು. ಟ್ವಿಟರ್ ತೆರೆಯಲಿಲ್ಲ, ನೆಟ್‌ಫ್ಲಿಕ್ಸ್ ತೆರೆಯಲಿಲ್ಲ, ಹಣ ಪಾವತಿಗೆ ನೆರವಾಗುವ ಪೇಪಾಲ್ ಕೂಡ ತೆರೆಯಲಿಲ್ಲ. ಆ ಸಂಸ್ಥೆಗಳ ಯಂತ್ರಗಳಾವುವೂ ಕೆಟ್ಟಿರಲಿಲ್ಲ. ವಿದ್ಯುತ್ತು ಹೋಗಿರಲಿಲ್ಲ, ತಂತಿ ಕಡಿದಿರಲಿಲ್ಲ. ಉಸಿರುಕಟ್ಟಿ ನಿಂತಿದ್ದುದು ಅವುಗಳ ವಿಳಾಸವನ್ನು ಹೇಳುವ ಕಚೇರಿ.

ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳಿಂದಾದ ಒಂದು ವಿಳಾಸವಿರುತ್ತದೆ. ಮನುಷ್ಯರಾದರೋ ಹೆಸರುಗಳನ್ನು ನೆನಪಿನಲ್ಲಿಡುತ್ತಾರೆಯೇ ಹೊರತು ಅಂಕಿಗಳನ್ನಲ್ಲ. ಹೆಸರನ್ನು ಹೇಳಿದರೆ ಅಂಕಿಯ ವಿಳಾಸವನ್ನು ತಿಳಿಸಿಕೊಡುವುದನ್ನೇ ಕಾಯಕವಾಗಿ ಮಾಡಿಕೊಂಡ ಸಂಸ್ಥೆಗಳಿವೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದ ಡೈನ್ ಎಂಬ ಸಂಸ್ಥೆಯು ಆಗ ಅಂಥವುಗಳಲ್ಲೊಂದಾಗಿತ್ತು. ಆ ದಿನ ಅದರ ಬಾಗಿಲಿಗೆ ಒಮ್ಮೆಗೇ ಲೆಕ್ಕವಿಲ್ಲದಷ್ಟು ಪ್ರಶ್ನೆಗಳು ಬಂದು ಬಿದ್ದವು. ನಿಜವಾಗಿ ವಿಳಾಸ ಬೇಕಾದವರ ದನಿಯು ಆ ಗದ್ದಲದಲ್ಲಿ ಅಡಗಿಹೋಯಿತು. ಪ್ರಶ್ನೆ ಕೇಳಿದವರು ಮನುಷ್ಯರಲ್ಲ. ಅಂಗಡಿಯ ಮೂಲೆಯಲ್ಲಿ ಕಾವಲಿಗೆಂದು ತೂಗುಹಾಕಿದ ಕ್ಯಾಮೆರಾಗಳು, ಅವುಗಳ ಚಿತ್ರಗಳನ್ನು ದಾಖಲಿಸುವ ಪೆಟ್ಟಿಗೆಗಳು, ಮನೆಯೊಳಗೆ ಅಂತರಜಾಲವನ್ನು ಹಂಚುವ ರೂಟರುಗಳು. ಇಂಥ ಯಂತ್ರಗಳು ಒಂದು ಲಕ್ಷದವರೆಗೆ ಇದ್ದಿರಬಹುದೆಂದು ಆ ಸಂಸ್ಥೆಯೇ ಬಳಿಕ ಅಂದಾಜು ಮಾಡಿತು. ಕಳ್ಳರನ್ನು ಕಾಯಲು ನಿಂತವುಗಳೇ ಯಾರದೋ ಅಪ್ಪಣೆಗೆ ತಲೆಬಾಗಿ ಪರರ ಮನೆಗೆ ನುಗ್ಗಿದ್ದುವು. ಅವುಗಳ ಒಡೆಯರಿಗೆ ಇದರ ಸುಳಿವೇ ಇರಲಿಲ್ಲ. ಅವರ ಕ್ಯಾಮೆರಾ ಎಂದಿನಂತೆ ಚಿತ್ರವನ್ನು ತೋರಿಸುತ್ತಲೇ ಇತ್ತು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಲು ಆ ಸಾಧನಗಳ ಒಳಗೆ ಇಣುಕಬೇಕು. ಇಂಥ ಪ್ರತಿಯೊಂದು ಸಾಧನದ ಹೊಟ್ಟೆಯಲ್ಲಿಯೂ ಒಂದು ಚಿಕ್ಕ ಗಣಕಯಂತ್ರವಿರುತ್ತದೆ. ಆದರೆ ಕ್ಯಾಮೆರಾಕ್ಕೆ ಕೀಲಿಮಣೆಯಿಲ್ಲ, ರೂಟರಿಗೆ ಪರದೆಯಿಲ್ಲ. ಹಾಗಾದರೆ ಅದಕ್ಕೆ ಅಪ್ಪಣೆ ಕೊಡುವ ಬಗೆ ಎಂತು? ತಯಾರಕರು ಇದಕ್ಕೊಂದು ಸುಲಭವಾದ ಉಪಾಯವನ್ನು ಕಂಡುಕೊಂಡರು. ಸಾಧನವು ತನ್ನೊಳಗೇ ಒಂದು ಜಾಲಪುಟವನ್ನು ಇಟ್ಟುಕೊಂಡಿರುತ್ತದೆ. ಮನೆಯ ಗಣಕಯಂತ್ರದಿಂದಲೋ ಮೊಬೈಲ್ ಫೋನಿನಿಂದಲೋ ಆ ಪುಟವನ್ನು ತೆರೆದು ಸಾಧನದ ಎಲ್ಲ ವ್ಯವಸ್ಥೆಗಳನ್ನೂ ಬದಲಾಯಿಸಬಹುದು. ಪುಟವು ತೆರೆಯುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳುತ್ತದೆ: ನಿನ್ನ ಹೆಸರೇನು? ನಿನ್ನ ಗುಪ್ತಪದವೇನು? ಪಾಸ್‌ವರ್ಡ್ ಎಂದು ವಾಡಿಕೆಯಲ್ಲಿ ಹೇಳುವುದು ಈ ಗುಪ್ತಪದವನ್ನೇ. ಕ್ಯಾಮೆರಾಕ್ಕೆ ಕಣ್ಣಿದೆ, ನಿಜ. ಆದರೆ ಅಪ್ಪಣೆ ಕೊಡುವವನು ಯಜಮಾನನೋ ಕಳ್ಳನೋ ಎಂಬುದನ್ನು ಅದು ಆ ಕಣ್ಣಿನಿಂದ ನೋಡಿ ತಿಳಿಯಲಾರದು. ಹೇಳಿದ ಮಾತು ತನ್ನಲ್ಲಿರುವುದಕ್ಕೆ ಸರಿಹೊಂದಿದರೆ ಸಾಕು, ಎದುರಿಗಿರುವವನೇ ಅದಕ್ಕೆ ಯಜಮಾನ. ಬಂದವನ ಗುರುತನ್ನು ಹೀಗೆ ಪರೀಕ್ಷಿಸುವ ಕ್ರಿಯೆಗೆ ದೃಢೀಕರಣವೆಂದು ಹೆಸರು.

ದೃಢೀಕರಣವು ಕೆಡುವ ಮೊದಲನೆಯ ಬಗೆ ಅತ್ಯಂತ ಸರಳವಾದುದು. ಕಾರ್ಖಾನೆಯಿಂದ ಹೊರಬೀಳುವ ಸಾಧನಕ್ಕೆ ಯಾವುದಾದರೊಂದು ಆರಂಭದ ಗುಪ್ತಪದವಿರಲೇಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಪದವನ್ನು ಕೊಡುವುದು ಖರ್ಚಿನ ಕೆಲಸ. ಆದುದರಿಂದ ತಯಾರಕರು ಲಕ್ಷಾಂತರ ಸಾಧನಗಳಿಗೂ ಒಂದೇ ಪದವನ್ನು ಇಟ್ಟರು. ಹೆಸರು ‘ಅಡ್ಮಿನ್’, ಗುಪ್ತಪದವೂ ‘ಅಡ್ಮಿನ್’. ಇಲ್ಲವೇ 1234, 12345. ಊರಿನ ಮನೆಗಳಿಗೆಲ್ಲ ಒಬ್ಬನೇ ಕಮ್ಮಾರನು ಒಂದೇ ಅಚ್ಚಿನ ಬೀಗವನ್ನು ಮಾಡಿಕೊಟ್ಟಂತಾಯಿತು. ಅಷ್ಟೇ ಅಲ್ಲ, ಬೀಗದ ಕೈಯ ಚಿತ್ರವು ಸಾಧನದೊಡನೆ ಬರುವ ಕೈಪಿಡಿಯಲ್ಲಿಯೇ ಅಚ್ಚಾಗಿರುತ್ತದೆ. ‘ಮೊದಲು ಗುಪ್ತಪದವನ್ನು ಬದಲಿಸಿರಿ’ ಎಂಬ ಸಾಲು ಕೂಡ ಅಲ್ಲಿಯೇ ಇರುತ್ತದೆ. ಆದರೆ ಕ್ಯಾಮೆರಾವನ್ನು ಗೋಡೆಗೆ ಸಿಕ್ಕಿಸಿ ಚಿತ್ರ ಕಾಣಿಸಿತೆಂದರೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು.

ಈ ಸಂಗತಿಯನ್ನೇ ಬಂಡವಾಳ ಮಾಡಿಕೊಂಡ ಕ್ರಮವಿಧಿಯೊಂದು 2016ರ ಆಗಸ್ಟಿನಲ್ಲಿ ಕಾಣಿಸಿಕೊಂಡಿತು. ಅದರ ಹೆಸರು ಮಿರಾಯ್. ಜಪಾನೀ ಭಾಷೆಯಲ್ಲಿ ಭವಿಷ್ಯ ಎಂದರ್ಥ. ಅದರ ಕೆಲಸದ ರೀತಿಯಲ್ಲಿ ಜಾಣತನಕ್ಕಿಂತ ಹಟವೇ ಹೆಚ್ಚಾಗಿತ್ತು. ಅಂತರಜಾಲದ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಮಿರಾಯ್ ಅವುಗಳಲ್ಲಿ ಮನಸ್ಸಿಗೆ ಬಂದೊಂದನ್ನು ಆರಿಸಿ ಬಾಗಿಲು ತಟ್ಟುತ್ತಿತ್ತು. ಬಾಗಿಲು ಮಾತನಾಡಿದರೆ, ತನ್ನ ಬಳಿ ಇದ್ದ ಅರವತ್ತಕ್ಕೂ ಸ್ವಲ್ಪ ಹೆಚ್ಚಾದ ಹೆಸರು-ಗುಪ್ತಪದಗಳ ಜೋಡಿಗಳಲ್ಲಿ ಕೆಲವನ್ನು ಪ್ರಯೋಗಿಸುತ್ತಿತ್ತು. ತೆರೆಯದಿದ್ದರೆ ಮುಂದಿನ ಮನೆ. ತೆರೆದರೆ ಒಳಹೊಕ್ಕು, ತಾನು ಬಂದ ಬಾಗಿಲನ್ನು ಇನ್ನೊಬ್ಬ ಕಳ್ಳನು ಬಾರದಂತೆ ಮುಚ್ಚಿ, ಅಲ್ಲಿಂದಲೇ ಮತ್ತೆ ಬೇರೆ ಬಾಗಿಲುಗಳನ್ನು ತಟ್ಟತೊಡಗುತ್ತಿತ್ತು. ಹೀಗೆ ಸೋಂಕಿದ ಪ್ರತಿಯೊಂದು ಸಾಧನವೂ ಸೋಂಕನ್ನು ಹರಡುವ ಕೇಂದ್ರವಾಯಿತು. ಮೊದಲ ಇಪ್ಪತ್ತು ಗಂಟೆಗಳಲ್ಲಿ ಸುಮಾರು 65,000 ಸಾಧನಗಳು ಅದರ ವಶವಾದುವೆಂದೂ, ಆ ವರ್ಷದ ನವೆಂಬರಿನ ಕೊನೆಯ ವೇಳೆಗೆ ಈ ಸಂಖ್ಯೆಯು ಆರು ಲಕ್ಷವನ್ನು ಮುಟ್ಟಿತೆಂದೂ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಕೇವಲ ಅರವತ್ತು ಚಿಲ್ಲರೆ ಬೀಗದ ಕೈಗಳಿಂದ ಆರು ಲಕ್ಷ ಬಾಗಿಲುಗಳು!

ಇಷ್ಟು ದೊಡ್ಡ ಸೇನೆಯನ್ನು ಕಟ್ಟಿದವರು ಯಾವ ಶತ್ರುರಾಷ್ಟ್ರದವರೂ ಅಲ್ಲ. ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕದ ತರುಣರು. ಮೈನ್‌ಕ್ರಾಫ್ಟ್ ಎಂಬ ಆಟವನ್ನು ನಡೆಸಿಕೊಡುವವರ ನಡುವಣ ವ್ಯಾಪಾರದ ಪೈಪೋಟಿಯಿಂದ ಇವರ ಉದ್ಯೋಗ ಆರಂಭವಾಯಿತು. ಇಂಥ ದಾಳಿಗಳನ್ನು ನಡೆಸುವವರನ್ನು ಬಯಲಿಗೆಳೆಯುತ್ತಿದ್ದ ಬ್ರಯಾನ್ ಕ್ರೆಬ್ಸ್ ಎಂಬ ಪತ್ರಕರ್ತನ ತಾಣವನ್ನು 2016ರ ಸೆಪ್ಟೆಂಬರಿನಲ್ಲಿ ಮಿರಾಯ್ ಕೆಲವು ದಿನ ಮುಚ್ಚಿಹಾಕಿತು. ಸತ್ಯವನ್ನು ಬರೆಯುವ ಒಬ್ಬ ವ್ಯಕ್ತಿಯ ಬಾಯನ್ನು ಯಾರದೋ ಅಂಗಡಿಯ ಕ್ಯಾಮೆರಾಗಳು ಕಟ್ಟಿದುವು. ಈ ವೃತ್ತಾಂತದಲ್ಲಿ ಎಲ್ಲಕ್ಕಿಂತ ಗಂಭೀರವಾದ ಅಂಶವು ಇದೇ. ಅದೇ ತಿಂಗಳ ಕೊನೆಯಲ್ಲಿ ಅವರು ಕ್ರಮವಿಧಿಯನ್ನು ಎಲ್ಲರ ಕೈಗೂ ಸಿಗುವಂತೆ ಬಹಿರಂಗಪಡಿಸಿದರು. ಅಕ್ಟೋಬರಿನ ಡೈನ್ ದಾಳಿಯು ಅವರದಲ್ಲ. ಹಾಗೆ ಬಯಲಾದ ಕ್ರಮವಿಧಿಯನ್ನು ಬಳಸಿ ಬೇರೆಯವರು ನಡೆಸಿದ್ದು. ಮೂವರೂ 2017ರ ಡಿಸೆಂಬರಿನಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಎಚ್ಚರಿಕೆಯುಳ್ಳ ಒಡೆಯನು ಜಾಲಪುಟವನ್ನು ತೆರೆದು ಗುಪ್ತಪದವನ್ನು ಬದಲಾಯಿಸಿದ್ದರೆ ಅವನ ಕ್ಯಾಮೆರಾ ಉಳಿಯುತ್ತಿತ್ತೇ? ಎಲ್ಲ ಸಂದರ್ಭಗಳಲ್ಲಿಯೂ ಇಲ್ಲ. ಜಾಲಪುಟವು ಮನೆಯ ಮುಂಬಾಗಿಲಾದರೆ, ಕೆಲಸಗಾರರು ದೂರದಿಂದ ಯಂತ್ರವನ್ನು ದುರಸ್ತಿಮಾಡಲೆಂದು ಇಟ್ಟ ಹಿಂಬಾಗಿಲು ಇನ್ನೊಂದಿರುತ್ತದೆ. ಅದಕ್ಕೆ ಟೆಲ್‌ನೆಟ್ ಎಂದು ಹೆಸರು. 1969ರಷ್ಟು ಹಿಂದೆ, ಜಗತ್ತಿನಲ್ಲಿ ಜಾಲಕ್ಕೆ ಸೇರಿದ ಯಂತ್ರಗಳನ್ನು ಬೆರಳುಗಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿ ಇದು. ಮಿರಾಯ್ ತಟ್ಟಿದ್ದು ಈ ಬಾಗಿಲನ್ನೇ. ಚೀನಾದ ಹಾಂಗ್‌ಝೌ ನಗರದ ಕಂಪನಿಯೊಂದು ತಯಾರಿಸಿದ ಭಾಗಗಳನ್ನು ಕೊಂಡು ಹಲವಾರು ವ್ಯಾಪಾರಿಗಳು ತಮ್ಮ ತಮ್ಮ ಮುದ್ರೆಯೊತ್ತಿ ಚಿತ್ರದಾಖಲೆಯ ಪೆಟ್ಟಿಗೆಗಳನ್ನು ಮಾರಿದ್ದರು. ಅವುಗಳಲ್ಲಿ ಮುಂಬಾಗಿಲಿನ ಗುಪ್ತಪದವನ್ನು ಬದಲಾಯಿಸಿದರೂ ಹಿಂಬಾಗಿಲಿನದು ಬದಲಾಗುತ್ತಿರಲಿಲ್ಲ. ಅದು ಯಂತ್ರದ ಕ್ರಮವಿಧಿಯಲ್ಲಿಯೇ ಅಚ್ಚೊತ್ತಿದಂತೆ ಸೇರಿಹೋಗಿತ್ತು. ಒಡೆಯನಿಗೆ ಅದು ಇದೆಯೆಂಬುದೇ ಗೊತ್ತಿರಲಿಲ್ಲ.

ಅದೇ ಪೆಟ್ಟಿಗೆಗಳ ಜಾಲಪುಟದಲ್ಲಿ ಇನ್ನೊಂದು ದೋಷವೂ ಅದೇ ವರ್ಷ ಬೆಳಕಿಗೆ ಬಂತು. ಮೊದಲ ಪುಟವು ಹೆಸರನ್ನೂ ಗುಪ್ತಪದವನ್ನೂ ಕೇಳುತ್ತಿತ್ತು; ಸರಿಯಾದ ಉತ್ತರ ದೊರೆತ ಮೇಲೆ ಎರಡನೆಯ ಪುಟವನ್ನು ತೆರೆಯುತ್ತಿತ್ತು. ಆದರೆ ಮೊದಲ ಪುಟದ ಗೊಡವೆಯಿಲ್ಲದೆ ಎರಡನೆಯ ಪುಟದ ವಿಳಾಸವನ್ನೇ ನೇರವಾಗಿ ಬರೆದರೆ? ಅದು ಯಾವ ಪ್ರಶ್ನೆಯನ್ನೂ ಕೇಳದೆ ತೆರೆದುಕೊಳ್ಳುತ್ತಿತ್ತು! ಕಾವಲುಗಾರನು ಹೆಬ್ಬಾಗಿಲಿನಲ್ಲಿ ಠೀವಿಯಿಂದ ನಿಂತಿದ್ದಾನೆ; ಕೋಟೆಗೆ ಗೋಡೆಯೇ ಇಲ್ಲ. ದೃಢೀಕರಣವು ಕೆಡುವ ಎರಡನೆಯ ಬಗೆ ಇದು. ಪ್ರತಿಯೊಂದು ಪುಟವೂ, ಪ್ರತಿಯೊಂದು ಅಪ್ಪಣೆಯೂ ಬಂದವನ ಗುರುತನ್ನು ಹೊಸದಾಗಿ ಪರೀಕ್ಷಿಸಬೇಕು. ಒಂದು ಪುಟದಲ್ಲಿ ಪರೀಕ್ಷಿಸಿ ಉಳಿದುದನ್ನು ನಂಬಿಕೆಗೆ ಬಿಡುವಂತಿಲ್ಲ.

ಇದಕ್ಕಿಂತ ನಗೆಗೀಡಾದ ಉದಾಹರಣೆಯೊಂದು 2013ರ ಅಕ್ಟೋಬರಿನಲ್ಲಿ ಹೊರಬಿತ್ತು. ಜಾಲಪುಟವನ್ನು ತೋರಿಸುವ ಕ್ರಮವಿಧಿಯಾದ ಬ್ರೌಸರ್, ಯಾವ ಪುಟವನ್ನು ಕೇಳುವಾಗಲೂ ತಾನು ಇಂಥ ಹೆಸರಿನವನೆಂದು ಹೇಳಿಕೊಳ್ಳುತ್ತದೆ. ಡಿ-ಲಿಂಕ್ ಕಂಪನಿಯ ಕೆಲವು ರೂಟರುಗಳ ಕ್ರಮವಿಧಿಯನ್ನು ಬಿಡಿಸಿ ಓದುತ್ತಿದ್ದ ಕ್ರೇಗ್ ಹೆಫ್ನರ್ ಎಂಬ ಸಂಶೋಧಕನಿಗೆ ಅದರಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲೊಂದು ಕಂಡಿತು. ಬ್ರೌಸರಿನ ಹೆಸರು ಆ ಸಾಲಾಗಿದ್ದರೆ ರೂಟರು ಗುಪ್ತಪದವನ್ನು ಕೇಳುತ್ತಲೇ ಇರಲಿಲ್ಲ. ಸಾಲನ್ನು ಹಿಂದುಮುಂದಾಗಿ ಓದಿದಾಗ ಜೋಯಲ್ ಎಂಬ ಹೆಸರೂ, ಹಿಂಬಾಗಿಲು ಎಂಬ ಅರ್ಥದ ಇಂಗ್ಲಿಷ್ ಪದವೂ ಹೊರಟವು. ಗುಟ್ಟಾಗಿ ಇಟ್ಟ ಮಾತ್ರಕ್ಕೆ ಒಂದು ದಾರಿಯು ಭದ್ರವಾಗುತ್ತದೆಂದು ನಂಬುವುದು ಎಷ್ಟು ಹುಸಿಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ಬಗೆಯು ಸ್ವಲ್ಪ ಸೂಕ್ಷ್ಮವಾದುದು. ಗುರುತನ್ನು ಪ್ರತಿಸಲವೂ ಪರೀಕ್ಷಿಸಬೇಕೆಂದರೆ ಒಡೆಯನು ಪ್ರತಿ ಪುಟಕ್ಕೂ ಗುಪ್ತಪದವನ್ನು ಬರೆಯುತ್ತಿರಬೇಕಾಗುತ್ತದೆ. ಈ ತೊಂದರೆಯನ್ನು ತಪ್ಪಿಸಲು ಸಾಧನವು ಒಮ್ಮೆ ಗುಪ್ತಪದವನ್ನು ಪಡೆದ ಮೇಲೆ ಬ್ರೌಸರಿಗೆ ಒಂದು ಬಿಲ್ಲೆಯನ್ನು ಕೊಡುತ್ತದೆ. ದೇವಾಲಯದ ಮುಂದೆ ಪಾದರಕ್ಷೆಗಳನ್ನು ಕಾಯುವವನು ಕೊಡುವ ಬಿಲ್ಲೆಯ ಹಾಗೆಯೇ ಇದು. ಬಿಲ್ಲೆಯನ್ನು ತೋರಿಸಿದವನಿಗೆ ಚಪ್ಪಲಿ. ಬಿಲ್ಲೆಯ ಸಂಖ್ಯೆಗಳು ಒಂದು, ಎರಡು, ಮೂರು ಎಂದು ಅನುಕ್ರಮವಾಗಿದ್ದರೆ ಯಾರು ಬೇಕಾದರೂ ಸುಳ್ಳು ಬಿಲ್ಲೆಯನ್ನು ಸೃಷ್ಟಿಸಬಹುದು. ಆದುದರಿಂದ ಅದು ಊಹೆಗೆ ನಿಲುಕದಷ್ಟು ದೊಡ್ಡ ಸಂಖ್ಯೆಯಾಗಿರಬೇಕು. ಆದರೂ ಒಂದು ಅಪಾಯ ಉಳಿಯುತ್ತದೆ. ಬ್ರೌಸರು ಬಹಳ ವಿಧೇಯ ಸೇವಕ. ಆ ಸಾಧನಕ್ಕೆ ಯಾವ ಅಪ್ಪಣೆಯನ್ನು ಒಯ್ಯುವಾಗಲೂ ಬಿಲ್ಲೆಯನ್ನು ತಾನಾಗಿಯೇ ತೋರಿಸುತ್ತದೆ. ಆ ಅಪ್ಪಣೆಯನ್ನು ಕೊಟ್ಟವರು ಯಾರೆಂದು ವಿಚಾರಿಸುವುದಿಲ್ಲ.

2008ರ ಜನವರಿಯಲ್ಲಿ ಮೆಕ್ಸಿಕೊ ದೇಶದಲ್ಲಿ ಈ ವಿಧೇಯತೆಯು ದುರುಪಯೋಗವಾಯಿತು. ಶುಭಾಶಯದ ಪತ್ರವೊಂದು ಬಂದಿದೆಯೆಂಬ ಮಿಂಚಂಚೆ ಅನೇಕರನ್ನು ತಲುಪಿತು. ಅದರಲ್ಲಿ ಚಿತ್ರವೊಂದನ್ನು ತರುವಂತೆ ಸೂಚನೆಯಿತ್ತು. ಆದರೆ ಚಿತ್ರದ ವಿಳಾಸವಿರಬೇಕಾದ ಸ್ಥಳದಲ್ಲಿ ಇದ್ದುದು ಆ ಮನೆಯ ರೂಟರಿಗೆ ಕೊಡುವ ಅಪ್ಪಣೆ: ಇಂಥ ಬ್ಯಾಂಕಿನ ಹೆಸರನ್ನು ಕೇಳಿದರೆ ಇಂಥ ವಿಳಾಸವನ್ನು ಹೇಳು. ಪತ್ರವನ್ನು ತೆರೆದೊಡನೆ ಮನೆಯ ಗಣಕಯಂತ್ರವು ಚಿತ್ರವನ್ನು ತರಲು ಹೊರಟು ಅಪ್ಪಣೆಯನ್ನು ತಾನೇ ರೂಟರಿಗೆ ಮುಟ್ಟಿಸಿತು. ಆ ಮಾದರಿಯ ರೂಟರು ಮನೆಯೊಳಗಿನಿಂದ ಬಂದ ಮಾತಿಗೆ ಗುಪ್ತಪದವನ್ನೂ ಕೇಳದೆ ತಲೆದೂಗಿತು. ಅಂದಿನಿಂದ ಬ್ಯಾಂಕಿನ ಹೆಸರನ್ನು ಎಷ್ಟು ಸರಿಯಾಗಿ ಬರೆದರೂ ತೆರೆಯುತ್ತಿದ್ದುದು ವಂಚಕರ ಪುಟ. ಬಡಪಾಯಿ ಗ್ರಾಹಕನಲ್ಲಿ ತಪ್ಪು ಹುಡುಕುವುದು ಕಷ್ಟ. ಕೆಲವು ವರ್ಷಗಳ ಬಳಿಕ ಬ್ರೆಜಿಲಿನಲ್ಲಿ ಇದೇ ತೆರನಾದ ವಂಚನೆಗೆ, ಬೇರೊಂದು ದೋಷದ ಮೂಲಕ, ಸುಮಾರು 45 ಲಕ್ಷ ಮೋಡೆಮುಗಳು ಈಡಾದುವು.

ಇನ್ನು ಪರಿಹಾರದ ಮಾತು. ಬಾಗಿಲು ತಟ್ಟುವ ಯಂತ್ರಕ್ಕೆ ದಣಿವಿಲ್ಲವೆಂಬುದನ್ನು ಮೊದಲು ನೆನಪಿಡಬೇಕು. ನಾಲ್ಕು ಅಂಕಿಗಳ ಗುಪ್ತಪದದಲ್ಲಿ ಒಟ್ಟು 10,000 ಸಾಧ್ಯತೆಗಳಿವೆ. ಸೆಕೆಂಡಿಗೆ ಹತ್ತರಂತೆ ಪರೀಕ್ಷಿಸಿದರೆ ಎಲ್ಲವೂ ಹದಿನೇಳು ನಿಮಿಷಗಳೊಳಗೆ ಮುಗಿಯುತ್ತವೆ. ಐದು ಸಲ ತಪ್ಪಿದರೆ ಒಂದು ಗಂಟೆಯ ಕಾಲ ಬಾಗಿಲನ್ನು ಮುಚ್ಚುವ ಸಾಧನವಾದರೆ ಅದೇ ಕೆಲಸಕ್ಕೆ 2,000 ಗಂಟೆಗಳು, ಎಂದರೆ ಸುಮಾರು 83 ದಿನಗಳು ಹಿಡಿಯುತ್ತವೆ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳನ್ನು ಮನಬಂದಂತೆ ಜೋಡಿಸಿದರೆ ಸಾಧ್ಯತೆಗಳು 20,882 ಕೋಟಿಗೆ ಏರುತ್ತವೆ. ಸೆಕೆಂಡಿಗೆ ಹತ್ತರ ವೇಗದಲ್ಲಿ ಅವನ್ನೆಲ್ಲ ಮುಗಿಸಲು 660 ವರ್ಷಗಳೂ ಸಾಲವು. ಆದರೆ ಎಲ್ಲ ದಾಳಿಯ ವೇಗವೂ ಇಷ್ಟೇ ಎಂದು ಭಾವಿಸಬಾರದು. ಅಕ್ಷರಗಳು ಇನ್ನಷ್ಟು ಹೆಚ್ಚಿರುವುದೇ ಲೇಸು. ‘ಮನಬಂದಂತೆ’ ಎಂಬ ಮಾತೂ ಇಲ್ಲಿ ಮುಖ್ಯ. ಊರಿನ ಹೆಸರು, ಮಗುವಿನ ಹೆಸರು, ಹುಟ್ಟಿದ ದಿನ ಇವೆಲ್ಲ ದಾಳಿಕಾರನ ಪಟ್ಟಿಯಲ್ಲಿ ಮೊದಲೇ ಇರುತ್ತವೆ.

ಉದ್ದವಾದ ಗುಪ್ತಪದವಿದ್ದರೂ ಅದು ಸಾಗುವ ದಾರಿಯು ಬಯಲಾಗಿದ್ದರೆ ಫಲವಿಲ್ಲ. ಹಳೆಯ ಸಾಧನಗಳಲ್ಲಿ ಗುಪ್ತಪದವು ಅಂಚೆಕಾರ್ಡಿನ ಮೇಲಿನ ಬರಹದಂತೆ ದಾರಿಯಲ್ಲಿರುವವರಿಗೆಲ್ಲ ಕಾಣುವ ಹಾಗೆ ಹೋಗುತ್ತದೆ. ಹೊಸ ಸಾಧನಗಳು ಅದನ್ನು ಮುಚ್ಚಿದ ಲಕೋಟೆಯಲ್ಲಿಟ್ಟಂತೆ ಗೂಢಲಿಪಿಯಲ್ಲಿ ಕಳುಹಿಸುತ್ತವೆ.

ಒಡೆಯನ ಕೈಯಲ್ಲಿರುವ ಅತ್ಯಂತ ದೊಡ್ಡ ರಕ್ಷಣೆ ಬೇರೆಯೇ ಇದೆ: ಸಾಧನದ ಜಾಲಪುಟವು ಮನೆಯ ಹೊರಗಿನಿಂದ ಕಾಣದಂತೆ ಮಾಡುವುದು. ರೂಟರಿನ ವ್ಯವಸ್ಥೆಯಲ್ಲಿ ದೂರದಿಂದ ನಿರ್ವಹಿಸುವ ಅನುಮತಿಯನ್ನು ತೆಗೆದುಹಾಕಿದರೆ ಇದು ಬಹುಮಟ್ಟಿಗೆ ಆಗುತ್ತದೆ. ತಟ್ಟಲು ಬಾಗಿಲೇ ಕಾಣದಿದ್ದಲ್ಲಿ ಕೈಗಳ ಗೊಂಚಲಿನಿಂದ ಪ್ರಯೋಜನವೇನು? ಕ್ಯಾಮೆರಾ ಮೊದಲಾದ ಸಾಧನಗಳನ್ನು ಮನೆಯ ಗಣಕಯಂತ್ರಗಳಿರುವ ಜಾಲದಿಂದ ಬೇರ್ಪಡಿಸಿಡುವುದೂ, ತಯಾರಕರು ಪ್ರಕಟಿಸುವ ತಿದ್ದುಪಡಿಗಳನ್ನು ತಡಮಾಡದೆ ಅಳವಡಿಸುವುದೂ ಆವಶ್ಯಕ. ರೂಟರಿನ ಪುಟದಲ್ಲಿ ಕೆಲಸ ಮುಗಿದೊಡನೆ ಕ್ರಮವಾಗಿ ಹೊರಬಂದರೆ ಬ್ರೌಸರಿನ ಬಳಿ ಇರುವ ಬಿಲ್ಲೆಯು ರದ್ದಾಗುತ್ತದೆ.

ಮಿರಾಯ್ ಸೋಂಕಿದ ಸಾಧನದ ವಿಷಯದಲ್ಲಿ ಮಾತ್ರ ಕೆಲಸದ ಅನುಕ್ರಮವನ್ನು ತಪ್ಪಿಸುವಂತಿಲ್ಲ. ಈ ಕ್ರಮವಿಧಿಯು ಸಾಧನದ ತಾತ್ಕಾಲಿಕ ಸ್ಮರಣೆಯಲ್ಲಷ್ಟೇ ನೆಲೆಸುತ್ತಿದ್ದುದರಿಂದ ವಿದ್ಯುತ್ತನ್ನು ತೆಗೆದು ಮತ್ತೆ ಕೊಟ್ಟರೆ ಅಳಿಸಿಹೋಗುತ್ತಿತ್ತು. ಆದರೆ ಹಳೆಯ ಗುಪ್ತಪದವೇ ಉಳಿದಿದ್ದರೆ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಸೋಂಕಿದ ಸಾಧನವು ಬಂದು ಬಾಗಿಲು ತಟ್ಟುತ್ತಿತ್ತು. ಆದಕಾರಣ ಸಾಧನವನ್ನು ಮೊದಲು ಅಂತರಜಾಲದಿಂದ ಬಿಡಿಸಬೇಕು, ಬಳಿಕ ವಿದ್ಯುತ್ತನ್ನು ತೆಗೆದು ಮತ್ತೆ ಕೊಡಬೇಕು, ಗುಪ್ತಪದವನ್ನು ಬದಲಾಯಿಸಬೇಕು, ಅನಂತರವೇ ಜಾಲಕ್ಕೆ ಸೇರಿಸಬೇಕು.

ಆದರೆ ಅಚ್ಚೊತ್ತಿದ ಗುಪ್ತಪದವನ್ನು ಯಾವ ಒಡೆಯನು ಬದಲಾಯಿಸಬಲ್ಲನು? ಕಾವಲಿಲ್ಲದ ಎರಡನೆಯ ಪುಟಕ್ಕೆ ಯಾವ ಅಂಗಡಿಯವನು ಕಾವಲು ಹಾಕಬಲ್ಲನು? ಬಹುಕಾಲ ಈ ಹೊಣೆಯನ್ನು ಗ್ರಾಹಕರ ತಲೆಗೆ ಕಟ್ಟಲಾಗಿತ್ತು, ಅದು ನ್ಯಾಯವಲ್ಲ. ಗ್ರಾಹಕನಿಗೆ ತನ್ನ ಕ್ಯಾಮೆರಾದಿಂದ ಯಾವ ತೊಂದರೆಯೂ ಕಾಣುತ್ತಿರಲಿಲ್ಲ, ತಯಾರಕನಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ನಷ್ಟವೆಲ್ಲ ಸಂಬಂಧವೇ ಇಲ್ಲದ ಮೂರನೆಯವನಿಗೆ. ಇಂಥ ಸ್ಥಿತಿಯಲ್ಲಿ ಕಾನೂನು ನಡುವೆ ಬರಬೇಕಾಯಿತು. ಕ್ಯಾಲಿಫೋರ್ನಿಯ ರಾಜ್ಯವು 2018ರಲ್ಲಿ ಶಾಸನವೊಂದನ್ನು ಮಾಡಿ 2020ರ ಜನವರಿ 1ರಿಂದ ಜಾರಿಗೆ ತಂದಿತು. ಹೊರಗಿನ ಜಾಲದಿಂದ ಪ್ರವೇಶಿಸಬಹುದಾದ ಸಾಧನದಲ್ಲಿ ಪ್ರತಿಯೊಂದಕ್ಕೂ ಬೇರೆಯದೇ ಆದ ಗುಪ್ತಪದವಿರಬೇಕು, ಇಲ್ಲವೇ ಮೊದಲ ಬಳಕೆಗೆ ಮುನ್ನ ಒಡೆಯನಿಂದ ಹೊಸ ಪದವನ್ನು ಕೇಳಿ ಪಡೆಯಬೇಕು ಎಂಬುದು ಅದರ ತಿರುಳು. ಬ್ರಿಟನ್ನಿನಲ್ಲಿ 2022ರ ಶಾಸನವು 2024ರ ಏಪ್ರಿಲ್ 29ರಿಂದ ಜಾರಿಗೆ ಬಂದು, ಎಲ್ಲ ಸಾಧನಗಳಿಗೂ ಒಂದೇ ಆದ ಗುಪ್ತಪದವನ್ನು ನಿಷೇಧಿಸಿತು. ತಿದ್ದುಪಡಿಗಳನ್ನು ಎಷ್ಟು ಕಾಲ ಒದಗಿಸಲಾಗುವುದೆಂದು ತಯಾರಕರು ತಿಳಿಸಬೇಕೆಂದೂ ವಿಧಿಸಿತು. ಕಾವಲು ಕ್ಯಾಮೆರಾಗಳ ಭದ್ರತೆಗಾಗಿ ಭಾರತ ಸರ್ಕಾರವೂ 2024ರಲ್ಲಿ ನಿಯಮಗಳನ್ನು ಪ್ರಕಟಿಸಿತು.

ಇಂದು ಕೊಂಡ ರೂಟರಿನ ತಳಭಾಗವನ್ನು ನೋಡಿದರೆ ಅನೇಕವೇಳೆ ಅಲ್ಲೊಂದು ಚೀಟಿ ಅಂಟಿಸಿರುತ್ತದೆ. ಅದರ ಮೇಲೆ ಅಚ್ಚಾದ ಗುಪ್ತಪದವು ಪಕ್ಕದ ಪೆಟ್ಟಿಗೆಯ ಚೀಟಿಯಲ್ಲಿರುವುದಿಲ್ಲ. ಹಿಂದಿನ ಕಾಲದಲ್ಲಿ ಮಾರಿದ ಸಾಧನಗಳಿಗೆ ಈ ಶಾಸನಗಳು ಅನ್ವಯಿಸುವುದಿಲ್ಲ. ಅವುಗಳಲ್ಲಿ ಹಲವು ಇನ್ನೂ ಅಂಗಡಿಗಳ, ಗೋದಾಮುಗಳ ಮೂಲೆಗಳಲ್ಲಿ ಧೂಳು ಹಿಡಿದು ಕೆಲಸಮಾಡುತ್ತಿವೆ. ಅವುಗಳಿಗೆ ತಿದ್ದುಪಡಿ ಕಳುಹಿಸುವವರಿಲ್ಲ. 2016ರಲ್ಲಿ ಬಯಲಾದ ಕ್ರಮವಿಧಿಯ ಸಂತತಿಯಾದರೋ ಇಂದಿಗೂ ಅಂತರಜಾಲದಲ್ಲಿ ಹಗಲಿರುಳೂ ಬಾಗಿಲುಗಳನ್ನು ತಟ್ಟುತ್ತಲೇ ಇದೆ. ಇಂಥ ಹಳೆಯ ಕ್ಯಾಮೆರಾವನ್ನು ಹೊರಗಿನ ಜಾಲದಿಂದ ಬಿಡಿಸಲು, ಅದು ಅಲ್ಲಿದೆಯೆಂಬುದು ನೆನಪಿರುವ ಯಾರಾದರೊಬ್ಬರು ಏಣಿಯನ್ನು ಹಿಡಿದುಕೊಂಡು ಆ ಮೂಲೆಗೆ ಹೋಗಬೇಕಾಗುತ್ತದೆ.